ಎಂಜಿನ್ ಆರೋದು, ನಂದೋದು, ಬಂದ್ ಬೀಳೋದು: ಮೂರೂ ಒಂದೇನಾ?

ಎಲ್ರಿಗೂ ನಮಸ್ಕಾರ. ಓಡ್ತಿರೋ ಎಂಜಿನ್ ತಾನಾಗೇ ನಿಂತ್ರೆ ಯಾವ ಪದ ಬಳಸ್ಬೇಕು ಅನ್ನೋ ವಿಷಯ ಹದಿನೈದು ದಿನದಿಂದ ತಲೇಲಿ ಕೂತಿದೆ, ಕೇಳೇ ಬಿಡ್ತೀನಿ.

ನಮ್ಮನೇಲಿ 1996ರ ಮಾಡೆಲ್ ಪೆಟ್ರೋಲ್ ಕಾರಿದೆ, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬುರೇಟರ್ ಇರೋದು. ಈ ಬೇಸಿಗೇಲಿ ಚಿತ್ರದುರ್ಗದಿಂದ ದಾವಣಗೆರೆಗೆ ಬರೋವಾಗ ಭರಮಸಾಗರ ದಾಟಿದ ಮೇಲೆ ಓಡ್ತಾ ಓಡ್ತಾನೇ ನಿಂತುಬಿಡೋದು, ಬಾನೆಟ್ ಎತ್ತಿಟ್ಟು ಅರ್ಧ ಗಂಟೆ ಬೇವಿನ ಮರದ ಕೆಳಗೆ ಕೂತು ಮತ್ತೆ ಕೀಲಿ ತಿರುವಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಟಾರ್ಟ್ ಆಗೋದು. ದಿನಾ ಆಗಲ್ಲ. ಗ್ಯಾರೇಜಿಗೆ ಒಯ್ದ ದಿನ ಅಂತೂ ಆಗೋದೇ ಇಲ್ಲ.

ನಾನು ಹೋದಲ್ಲೆಲ್ಲಾ 'ಗಾಡಿ ಬಂದ್ ಬೀಳ್ತೈತಿ' ಅಂದೆ. ಒಬ್ರು ಕಾರ್ಬುರೇಟರ್ ತೊಳೆದ್ರು, ಇನ್ನೊಬ್ರು ಪೆಟ್ರೋಲ್ ಫಿಲ್ಟರ್ ಬದಲು ಮಾಡಿದ್ರು, ಕಾರು ಮಾತ್ರ ಹಂಗೇ. ಕೊನೆಗೆ ಪಿ.ಬಿ. ರೋಡಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ರು ಕೈ ಒರೆಸ್ಕೊಳ್ತಾ ಕೇಳಿದ ಮಾತಿಗೇ ನಾನು ಇದನ್ನ ಬರೀತಿರೋದು: 'ಬಂದ್ ಅಂದ್ರ ನಂಗೇನ್ ತಿಳೀತೈತ್ರಿ ಸರ್, ಫಟ್ ಅಂತ ಆರ್ತೈತೋ, ಜಗ್ಗಾಡಿ ಜಗ್ಗಾಡಿ ನಂದ್ತೈತೋ, ಅದನ್ನ ಹೇಳ್ರಿ.'

ಗಾಳಿ ಬಡಿದು ದೀಪ ಆರೋದು ಬೇರೆ, ಎಣ್ಣೆ ತೀರಿ ನಂದೋದು ಬೇರೆ, ಅವರ ಲೆಕ್ಕ ಇಷ್ಟೇ. ಕೀಲಿ ತಿರುವಿ ಆಫ್ ಮಾಡಿದ ಹಂಗೆ ಒಮ್ಮೆಲೇ ಸತ್ರೆ ಮೊದಲು ಪೆಟ್ರೋಲ್ ಹೊತ್ತಿಸೋ ಕಿಡಿ ಕಡೆ ನೋಡ್ಬೇಕು, ಅಂದ್ರೆ ಕಾಯಿಲ್ (ಬ್ಯಾಟರಿ ವೋಲ್ಟೇಜನ್ನ ಕಿಡಿ ಹಾರೋವಷ್ಟು ಏರಿಸೋದು), ಪಾಯಿಂಟ್, ಕಂಡೆನ್ಸರ್, ವೈರು. ಪಿಕಪ್ ಕಡಿಮೆಯಾಗಿ, ಜರ್ಕ್ ಹೊಡೆದು, ನಿಧಾನಕ್ಕೆ ನಿಂತ್ರೆ ಪೆಟ್ರೋಲ್ ಕಡೆ, ಅಂದ್ರೆ ಕಸ, ಪಂಪು, ಇಲ್ಲಾ ಕಾವಿಗೆ ಪೈಪಲ್ಲೇ ಪೆಟ್ರೋಲ್ ಆವಿಯಾಗೋದು. ನಮ್ದು ಫಟ್ ಅಂತ ಆರೋದು. ಮುಂದಿನ ಸಲ ನಿಂತಾಗ ಅವರು ಹೇಳಿಕೊಟ್ಟ ಹಂಗೆ ಪ್ಲಗ್ ವೈರ್ ಕಿತ್ತು, ಡಿಕ್ಕೀಲಿದ್ದ ಬೇರೆ ಪ್ಲಗ್ಗಿಗೆ ಸಿಕ್ಕಿಸಿ, ಎಂಜಿನ್ ಮೈಗೆ ತಾಗಿಸಿಟ್ಟು ಅವ್ವನ ಕೈಲಿ ಸ್ಟಾರ್ಟರ್ ಹೊಡೆಸಿದೆ. ಕಿಡಿ ಇಲ್ಲ. ಕಾಯಿಲ್ ಮುಟ್ಟಿದ್ರೆ ಕೈ ಚುರ್ ಅಂತು. ಮುಕ್ಕಾಲು ಗಂಟೆ ಬಿಟ್ಟು ನೋಡಿದ್ರೆ ನೀಲಿ ಕಿಡಿ ಚಟ್ ಚಟ್ ಅಂತ ಹಾರ್ತಿದೆ! ಕಾಯಿಲ್ ಒಳಗಿನ ತಂತಿ ಕಾದಾಗ ಸಂಪರ್ಕ ಬಿಡ್ತಿತ್ತು, ಆರಿದ ಮೇಲೆ ಮತ್ತೆ ಕೂಡ್ತಿತ್ತು. ಹೊಸ ಕಾಯಿಲ್ ಹಾಕಿದ ಮೇಲೆ ಒಂದು ಸಲಾನೂ ನಿಂತಿಲ್ಲ.

ಈಗ ನನ್ನ ತೊಡಕು. ಮೇಲೆ ನಾನೇ ಎಂಜಿನ್ನಿಗೂ 'ಆರೋದು' ಅಂದೆ, ಕಾಯಿಲ್ಲಿಗೂ 'ಆರಿದ ಮೇಲೆ' ಅಂದೆ. ಒಂದು ಸತ್ತಿದ್ದು, ಇನ್ನೊಂದು ತಣ್ಣಗಾಗಿದ್ದು. ಬಟ್ಟೆ ಆರುತ್ತೆ, ಅನ್ನ ಆರುತ್ತೆ, ದೀಪ ಆರುತ್ತೆ, ಬೇರೆ ಕಡೆ ಯಾರಿಗೂ ಗೊಂದಲ ಆಗಲ್ಲ, ಆದ್ರೆ 'ಎಂಜಿನ್ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೀರಿ' ಅಂತ ಬರೆದ್ರೆ, ನಿಂತ ತಕ್ಷಣ ತೆಗೆದವನ ಮುಖಕ್ಕೆ ಕುದಿಯೋ ನೀರು ಹಾರುತ್ತೆ. ಅದಕ್ಕೇ ಬರವಣಿಗೇಲಿ 'ಆರು' ಬಳಸೋಕೆ ನಂಗೆ ಧೈರ್ಯ ಸಾಲ್ತಿಲ್ಲ. 'ಕೆಟ್ಟು ನಿಂತಿತು' ಅಂದ್ರೆ ರಿಪೇರಿ ಇಲ್ದೆ ಏಳಲ್ಲ ಅನ್ನೋ ಅರ್ಥ ಬರುತ್ತೆ, ಇದು ತಾನಾಗೇ ಏಳುತ್ತಲ್ಲ. 'ಸೀಜ್ ಆಯ್ತು' ಅಂತಾನೂ ಕೆಲವರು ಅಂತಾರೆ, ಅದು ಪೂರ್ತಿ ತಪ್ಪು, ಪಿಸ್ಟನ್ನೋ ಬೇರಿಂಗೋ ಕಚ್ಕೊಂಡು ಎಂಜಿನ್ ತಿರುಗದೇ ಹೋದ್ರೆ ಮಾತ್ರ ಸೀಜು. 'ಸ್ಥಗಿತ' ಕಚೇರಿ ಕಾಗದದ ಮಾತು, ಗ್ಯಾರೇಜಲ್ಲಿ ಯಾರೂ ಆಡಲ್ಲ. ನನಗೆ ಹಿಡಿಸಿದ್ದು 'ನಂದೋದು', ಆದ್ರೆ ಫಟ್ ಅಂತ ಸಾಯೋದಕ್ಕೆ ಅದು ಒಪ್ಪಲ್ಲ ಅಂತ ಆ ಮೆಕ್ಯಾನಿಕ್ಕೇ ಹೇಳಿದ್ರಲ್ಲ.

ಇನ್ನೊಂದು, ಈ ಒಮ್ಮೊಮ್ಮೆ ಬಂದು ಹೋಗೋ ತೊಂದರೆಗೆ 'ಆಗಾಗ' ಸಾಲಲ್ಲ ಅನ್ಸುತ್ತೆ. ಅವ್ವ 'ಬಿಟ್ಟು ಬಿಟ್ಟು ಬರೋ ಜ್ವರ ಇದ್ದಂಗ ಐತಿ' ಅಂದ್ಲು. 'ಬಿಟ್ಟು ಬಿಟ್ಟು ಬರೋದು' ಯಂತ್ರಕ್ಕೂ ಒಪ್ಪುತ್ತೆ ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ಕಡೆ ಡ್ರೈವರ್‌ಗಳು, ಪಂಪ್‌ಸೆಟ್ ಇಟ್ಟ ರೈತರು ಓಡ್ತಿರೋ ಎಂಜಿನ್ ತಾನಾಗೇ ನಿಂತ್ರೆ ಏನಂತಾರೆ? ಫಟ್ ಅಂತ ನಿಲ್ಲೋದಕ್ಕೂ ಜಗ್ಗಾಡಿ ನಿಲ್ಲೋದಕ್ಕೂ ಬೇರೆ ಬೇರೆ ಮಾತಿದ್ರೆ, ಅವರು ಆಡಿದ ಹಂಗೇ ಬರೆದು ತಿಳಿಸಿ.