ಬೆರಳು ಕಪ್ಪಾಗಿದೆ, ಕಾಲು ತೆಗೆಯಲೇಬೇಕೇ?

ಪ್ರಶ್ನೆ (ಮಲ್ಪೆ): ತಂದೆಗೆ 64 ವರ್ಷ, ಬೋಟಿನಲ್ಲಿ ದುಡಿದವರು. ಸಕ್ಕರೆ ಕಾಯಿಲೆ 15 ವರ್ಷದಿಂದ ಇದೆ, ಬೀಡಿ ಈಗಷ್ಟೇ ಬಿಟ್ಟಿದ್ದಾರೆ. ಬಲಗಾಲಿನ ಎರಡು ಬೆರಳು ಒಣಗಿ ಕಪ್ಪಾಗಿವೆ. ರಾತ್ರಿ ಮಲಗಿದರೆ ನೋವು ತಡೆಯಲಾಗದೆ, ಮಂಚದಿಂದ ಕಾಲು ಇಳಿಬಿಟ್ಟು ಕುಳಿತೇ ಬೆಳಗು ಮಾಡುತ್ತಾರೆ. ಮೊಣಕಾಲಿನ ಕೆಳಗೆ ತೆಗೆಯಬೇಕೆಂದು ಹೇಳಿದ್ದಾರೆ. ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದಲ್ಲಿ) ರಕ್ತ ಹರಿಸಿ ಕಾಲು ಉಳಿಸುವ ಕ್ಯಾತಿಟರ್ (ತೆಳು ಕೊಳವೆ) ಚಿಕಿತ್ಸೆ ಬಂದಿದೆಯಂತೆ. ನಿಜವೇ?

ಉತ್ತರ (ರಕ್ತನಾಳ ಶಸ್ತ್ರಚಿಕಿತ್ಸಕ, ಮಂಗಳೂರು): ನಿಜ. ಆದರೆ ಮೊದಲು ಹೇಳಿ, ಪಾದದವರೆಗೂ ಆಂಜಿಯೋಗ್ರಾಂ (ಬಣ್ಣದ್ರವ ಕೊಟ್ಟು ತೆಗೆಯುವ ರಕ್ತನಾಳಗಳ ಚಿತ್ರ) ಆಗಿದೆಯೇ?

ಪ್ರಶ್ನಿಸಿದವರು: ಇಲ್ಲ. ಕಣಕಾಲಿನ ರಕ್ತದೊತ್ತಡ ಮಾತ್ರ ನೋಡಿದ್ದಾರೆ, ಸರಿಯಾಗಿದೆ ಎಂದು ಬರೆದಿದ್ದಾರೆ.

ಉತ್ತರ: ಆ ಅಂಕಿಯೊಂದನ್ನೇ ನೆಚ್ಚಿಕೊಳ್ಳಬೇಡಿ. ಹಳೆಯ ಸಕ್ಕರೆ ಕಾಯಿಲೆಯಲ್ಲಿ, ಹೃದಯದಿಂದ ರಕ್ತ ತರುವ ಅಪಧಮನಿಯ ಗೋಡೆಗೆ ಸುಣ್ಣದಂಶ ಕಟ್ಟುತ್ತದೆ. ಒತ್ತಡ ಅಳೆಯುವ ಪಟ್ಟಿ ಎಷ್ಟು ಬಿಗಿದರೂ ಅದು ಅಮುಕುವುದಿಲ್ಲ, ಒತ್ತಡ ಸುಳ್ಳೇ ಹೆಚ್ಚು ತೋರುತ್ತದೆ. ಹೆಬ್ಬೆರಳಿನ ಒತ್ತಡ ಅಳೆಯಿಸಿ. 30 ಮಿ.ಮೀ.ಗಿಂತ ಕಡಿಮೆ ಬಂದರೆ ಆ ಪಾದ ರಕ್ತವಿಲ್ಲದೆ ಸಾಯುತ್ತಿದೆ ಎಂದೇ ಅರ್ಥ.

ಆಂಜಿಯೋಗ್ರಾಂನಲ್ಲಿ ದಾರಿ ಕಂಡರೆ ಬಲೂನಿನಿಂದ ಬಿಡಿಸಬಹುದು, ಇಲ್ಲವೇ ತೊಡೆಯ ಅಭಿಧಮನಿ ಬಳಸಿ ಬೈಪಾಸ್ (ತಡೆಯನ್ನು ಸುತ್ತಿ ಹೋಗುವ ಬೇರೆ ದಾರಿ) ಮಾಡಬಹುದು. ಒಳ್ಳೆಯ ಅಭಿಧಮನಿ ಇರುವವರಲ್ಲಿ ಬೈಪಾಸ್ ಮೇಲು ಎಂದು 2022ರ ಬೆಸ್ಟ್-ಸಿಎಲ್‌ಐ ಅಧ್ಯಯನ ತೋರಿಸಿತು. ಮೊಣಕಾಲಿನ ಕೆಳಗಿನ ತಡೆಗೆ ಬಲೂನೇ ಮೊದಲು ಎಂದು ಮರುವರ್ಷದ ಬೇಸಿಲ್-2 ಹೇಳಿತು. ಹಾಗಾಗಿ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದಬೇಕೆಂದಿಲ್ಲ.

ನೀವು ಕೇಳಿದ್ದು, ಈ ಎರಡೂ ಸಾಧ್ಯವಿಲ್ಲದವರಿಗೆ. ಮೀನಖಂಡದ ಅಪಧಮನಿಯೊಳಗೆ ಒಂದು ಕ್ಯಾತಿಟರ್, ಪಾದದ ಕಡೆಯಿಂದ ಅಭಿಧಮನಿಯೊಳಗೆ ಇನ್ನೊಂದು. ಎರಡೂ ಪಕ್ಕಪಕ್ಕ ಬಂದಾಗ ಸೂಜಿಯಿಂದ ಗೋಡೆ ದಾಟಿ, ಹೊದಿಕೆಯಿರುವ ಸ್ಟೆಂಟ್ (ಲೋಹದ ಜಾಲರಿಯ ಕೊಳವೆ) ಇಟ್ಟು ಜೋಡಿಸುತ್ತಾರೆ. ಅಭಿಧಮನಿಯ ಕವಾಟಗಳು ರಕ್ತವನ್ನು ಮೇಲಕ್ಕೆ ಮಾತ್ರ ಬಿಡುತ್ತವೆ. ಅವನ್ನು ಕತ್ತರಿಸಿದ ಮೇಲೆ ಶುದ್ಧ ರಕ್ತ ಪಾದದ ಕಡೆಗೆ ಇಳಿಯುತ್ತದೆ. ಅಮೆರಿಕದ ಪ್ರಾಮಿಸ್-2 ಅಧ್ಯಯನದಲ್ಲಿ ಇಂಥ 105 ರೋಗಿಗಳಿದ್ದರು. ಆರು ತಿಂಗಳಿಗೆ ಜೀವವೂ ಕಾಲೂ ಉಳಿದವರು ಸುಮಾರು 66 ಪ್ರತಿಶತ. ಕಾಲು ಹೋಗುವುದೇ ಖಚಿತವೆನ್ನುವ ರೋಗಿಗಳನ್ನು ದಿನವೂ ನೋಡುವ ನನಗೆ ಇದು ದೊಡ್ಡ ಮಾತು. ಆದರೆ ಹೋಲಿಸಿ ನೋಡಲು ಬೇರೆ ಚಿಕಿತ್ಸೆಯ ಗುಂಪು ಅದರಲ್ಲಿರಲಿಲ್ಲ. ಗಾಯವಿದ್ದ 63 ಮಂದಿಯಲ್ಲಿ ಅಷ್ಟರೊಳಗೆ ಪೂರ್ತಿ ಮಾಗಿದ್ದು 16 ಮಂದಿಗೆ. ಹೊಸ ದಾರಿಯಲ್ಲಿ ರಕ್ತ ನೆಲೆಯಾಗಲು ವಾರಗಳೇ ಬೇಕು, ಅಷ್ಟೂ ದಿನ ಗಾಯವನ್ನು ಕಾಯಬೇಕು.

ಇನ್ನೊಬ್ಬರು (ಕಾಪು): ತಾಯಿಗೂ ಕಾಲು ತಣ್ಣಗಿರುತ್ತದೆ. ದಿನವೂ ಬಿಸಿನೀರಿನಲ್ಲಿ ಕಾಲಿಡಿಸುತ್ತೇವೆ.

ಉತ್ತರ: ಇಂದೇ ನಿಲ್ಲಿಸಿ, ದಯವಿಟ್ಟು. ಸ್ಪರ್ಶ ಸತ್ತ ಪಾದಕ್ಕೆ ಸುಡುವುದು ತಿಳಿಯುವುದಿಲ್ಲ. ಬೊಬ್ಬೆ ಎದ್ದ ಚರ್ಮವನ್ನು ಮಾಗಿಸುವಷ್ಟು ರಕ್ತವೂ ಅಲ್ಲಿಗೆ ಬರುವುದಿಲ್ಲ. ಹತ್ತಿಯ ಕಾಲುಚೀಲ ಸಾಕು.

ಪ್ರಶ್ನಿಸಿದವರು: ನಾಳೆ ಬೆಳಿಗ್ಗೆಯೇ ಮಣಿಪಾಲಕ್ಕೆ ಹೊರಡುತ್ತೇವೆ.

ಉತ್ತರ: ಕ್ರಿಯಾಟಿನಿನ್ ವರದಿ ಮರೆಯಬೇಡಿ, ಆಂಜಿಯೋಗ್ರಾಂನ ಬಣ್ಣದ್ರವ ಕೊಡುವ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಯಬೇಕು. ಒಣಗಿದ ಬೆರಳು ಒದ್ದೆಯಾಗಿ ನಾತ ಬಂದರೆ ಅಥವಾ ಜ್ವರ ಏರಿದರೆ, ಬೆಳಗಾಗುವವರೆಗೂ ಕಾಯದೆ ಇಂದು ರಾತ್ರಿಯೇ ಹೊರಡಿ.