ಸಹಾಯ ಬೇಕು: ಸಿಗ್ನಲ್‌ನಲ್ಲಿ ನಿಂತರೆ ಕಾರು ನಡುಗುತ್ತದೆ

ನನ್ನದು 2014ರ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಚಳಿಜ್ವರ ಬಂದವರಂತೆ ನಡುಗುತ್ತದೆ. ಡ್ಯಾಶ್‌ಬೋರ್ಡ್ ಮೇಲಿನ ಪುಟ್ಟ ಗಣಪನೂ ತಲೆ ಅಲ್ಲಾಡಿಸುತ್ತಾನೆ. ಆಕ್ಸಿಲರೇಟರ್ ಒತ್ತಿ 1,500 ಆರ್‌ಪಿಎಂ ದಾಟಿಸಿದರೆ ಶಾಂತ. ಸ್ಕ್ಯಾನರ್ ಹಾಕಿದಾಗ ಪಿ0302 ಎಂಬ ಕೋಡ್ ಬಂತು, ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಇಂಧನ ಸರಿಯಾಗಿ ಉರಿಯುತ್ತಿಲ್ಲ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಿಸಿದೆ, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಸ್ವಚ್ಛ ಮಾಡಿಸಿದೆ. ಎರಡನೇ ಸಿಲಿಂಡರ್‌ನ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ತೆಗೆದು ಮೂರನೆಯದಕ್ಕೆ ಹಾಕಿದರೂ ಕೋಡ್ ಎರಡನ್ನು ಬಿಟ್ಟು ಕದಲಲಿಲ್ಲ. ಹಾಗಾಗಿ ಕಾಯಿಲ್ ತಪ್ಪಿಲ್ಲ ಎಂದುಕೊಂಡಿದ್ದೇನೆ. ಒಬ್ಬ ಮೆಕ್ಯಾನಿಕ್ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ನದೇ ತಪ್ಪು ಎನ್ನುತ್ತಾರೆ. ಇನ್ನೊಬ್ಬರು ವಾಲ್ವ್ ಸೋರುತ್ತಿದೆ, ಎಂಜಿನ್‌ನ ಮೇಲ್ಭಾಗವಾದ ಹೆಡ್ ಬಿಚ್ಚಬೇಕು ಎನ್ನುತ್ತಾರೆ. ಹೆಡ್ ಎಂದ ಕೂಡಲೇ ನನ್ನ ಜೇಬೂ ನಡುಗಿತು.

ಬಲ್ಲವರು ತಿಳಿಸಿ: ಮೊದಲು ಸಿಲಿಂಡರ್‌ನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಲೇ ಅಥವಾ ಇಂಜೆಕ್ಟರ್ ಅದಲುಬದಲು ಮಾಡಿ ನೋಡಲೇ?