ಮಗು ಮಲಗಿದ ಒಂದೂವರೆ ಗಂಟೆ: ಚಿತ್ರಕ್ಕೋ, ವಾಕಿಂಗಿಗೋ, ಸೇವೆಗೋ?

ಕುಂಚ-ಕುಕ್ಕರ್ (ಸರಸ್ವತಿಪುರಂ, ಮೈಸೂರು)

ಎಲ್ಲರಿಗೂ ನಮಸ್ಕಾರ. ಮೊದಲು ಲೆಕ್ಕ ಹೇಳಿಬಿಡ್ತೀನಿ. ಯುಕೆಜಿ ಮಗಳು, 14 ತಿಂಗಳ ಮಗ (ಇನ್ನೂ ಎದೆಹಾಲು ಕುಡೀತಾನೆ). ಮೈಸೂರು ಶೈಲಿಯ ಎರಡು ಚಿತ್ರಕ್ಕೆ ಆರ್ಡರ್ ಇದೆ, 12×16 ಇಂಚು, ಒಂದು ಗಜಲಕ್ಷ್ಮಿ, ಒಂದು ಸರಸ್ವತಿ. ಕೈಯಲ್ಲಿರೋದು ಹತ್ತು ವಾರ. ವಾಕಿಂಗ್ ನಿಂತಿದೆ, ಹೊಟ್ಟೆ ಇನ್ನೂ ಐದನೇ ತಿಂಗಳಲ್ಲೇ ನಿಂತಿದೆ. ಸಾಲದ್ದಕ್ಕೆ ವಾರಕ್ಕೆ ಎರಡು ಗಂಟೆ ಏನಾದರೂ ಸೇವೆ ಮಾಡ್ತೀನಿ ಅಂತ ಒಪ್ಪಿಕೊಂಡೂ ಆಗಿದೆ.

ಸಿಗೋ ಸಮಯ: ಬೆಳಿಗ್ಗೆ 5.45ರಿಂದ 6.45, ಮಧ್ಯಾಹ್ನ ಮಗ ಮಲಗಿದಾಗ ಸುಮಾರು ಒಂದೂವರೆ ಗಂಟೆ, ಭಾನುವಾರ ಯಜಮಾನರು ಮನೆಯಲ್ಲಿ. ಅತ್ತೆಗೆ ಮಂಡಿನೋವು. ಕೂತಲ್ಲಿಂದ ಮಗಳನ್ನ ನೋಡ್ಕೋತಾರೆ, ಮಗನ ಹಿಂದೆ ಓಡೋಕಾಗಲ್ಲ.

ಚಿತ್ರದ ಯಾವ ಹಂತ ಯಾವ ಹೊತ್ತಿಗೆ ಇಟ್ಕೊಳ್ಳಲಿ? ಹೊಟ್ಟೆಗೆ ಏನು ವ್ಯಾಯಾಮ? ಮನೇಲಿ ಕೂತೇ ಮಾಡುವಂಥ ಸೇವೆ ಯಾವುದಿದೆ? ಮುಂದಿನ ತಿಂಗಳು ಬಡಾವಣೆಯಲ್ಲಿ ರಕ್ತದಾನ ಶಿಬಿರ, ಹೆಸರು ಕೊಡಬಹುದಾ?

"ಬೆಳಿಗ್ಗೆ ನಾಲ್ಕಕ್ಕೆ ಏಳಿ" ಅನ್ನೋ ಸಲಹೆ ದಯವಿಟ್ಟು ಬೇಡ. ನಮ್ಮನೇಲಿ ನಾಲ್ಕಕ್ಕೆ ಏಳೋ ಮಹಾನುಭಾವ ಈಗಾಗಲೇ ಒಬ್ಬ ಇದ್ದಾನೆ.

—

ಇಂಗಳೀಕ (ಅಗ್ರಹಾರ, ಮೈಸೂರು)

ಮೇಡಂ, ಗಂಟೆ ಹಂಚೋದು ಆಮೇಲೆ. ಮೊದಲು ಕೆಲಸಾನ ಎರಡು ಗುಂಪು ಮಾಡಿ: ನಡುವೆ ಎದ್ದು ಹೋದರೆ ಕೆಡೋದು, ಕೆಡದೇ ಇರೋದು. ಮಕ್ಕಳಿರೋ ಮನೇಲಿ ಬೇರೆ ಯಾವ ಟೈಮ್ ಟೇಬಲ್ಲೂ ಮೂರು ದಿನಕ್ಕಿಂತ ಹೆಚ್ಚು ಬಾಳಲ್ಲ.

ಸ್ಕೆಚ್ಚು, ಟ್ರೇಸಿಂಗ್ ಕೆಡಲ್ಲ. ಪಾತ್ರೆ ಮೇಲೆ ಪಾತ್ರೆ ಬಿದ್ದ ಸದ್ದು ಕೇಳಿದರೂ ನಿಧಾನಕ್ಕೆ ಎದ್ದು ಹೋಗಬಹುದು. ಹಿನ್ನೆಲೆ, ಸೀರೆ, ಆಕಾಶ, ಕಂಬ ಇಂಥ ದೊಡ್ಡ ಜಾಗಗಳ ಬಣ್ಣವೂ ಹಾಗೇ, ಆದರೆ ಒಂದು ಶರತ್ತು. ಒಂದು ಜಾಗಕ್ಕೆ ಬೇಕಾದಷ್ಟು ಬಣ್ಣ ಒಂದೇ ಸಲ ಕಲಸಿ, ಬಿಗಿ ಮುಚ್ಚಳದ ಚಿಕ್ಕ ಡಬ್ಬಿಯಲ್ಲಿ ಇಡಿ. ಅರ್ಧ ಸೀರೆ ಇವತ್ತು, ಇನ್ನರ್ಧಕ್ಕೆ ನಾಳೆ ಬೇರೆ ಕಲಸಿದರೆ ಲಕ್ಷ್ಮಿ ಉಟ್ಟಿರೋದು ಎರಡು ಸೀರೆ ಆಗುತ್ತೆ.

ಮಕ್ಕಿ ಸಫೇದದ ಕೆಲಸ (ಚಿನ್ನದ ರೇಕು ಕೂರೋ ಜಾಗ ಉಬ್ಬಿಸೋಕೆ ಬಿಳಿ ಪುಡಿ, ಮಕ್ಕಿ ಅನ್ನೋ ಹಳದಿ ಅಂಟು, ಗೋಂದು ಕಲಸಿ ಹಚ್ಚೋ ಲೇಪ) ಇವೆರಡರ ನಡುವಿನದು. ಒಂದು ಸಲಕ್ಕೆ ಒಂದು ಟೀ ಚಮಚಕ್ಕಿಂತ ಹೆಚ್ಚು ಪುಡಿ ಕಲಸಬೇಡಿ. ಹದ ದೋಸೆ ಹಿಟ್ಟಿಗಿಂತ ತುಸು ತೆಳು, ಕುಂಚ ಎತ್ತಿದರೆ ತುದಿಯಿಂದ ದಾರದ ಹಾಗೆ ಇಳಿಯಬೇಕು. ಗೋಂದು ಹೆಚ್ಚಾದರೆ ಒಣಗಿದಾಗ ಎಳೆದುಕೊಂಡು ಬಿರುಕು, ಕಡಿಮೆಯಾದರೆ ರೇಕು ಅಂಟಿಸುವಾಗ ಪುಡಿಪುಡಿಯಾಗಿ ಏಳುತ್ತೆ. ಅದಕ್ಕೇ ಆ ಬೋರ್ಡಿನದೇ ಒಂದು ತುಂಡಿನ ಮೇಲೆ ಎರಡು ಗೆರೆ ಎಳೆದು, ರಾತ್ರಿ ಒಣಗಿಸಿ, ಬೆಳಿಗ್ಗೆ ಬೆರಳಿನಿಂದ ಉಜ್ಜಿ ನೋಡಿ. ತಂಜಾವೂರಿನ ಹಾಗೆ ದಪ್ಪ ಉಬ್ಬು ನಮ್ಮಲ್ಲಿ ಇಲ್ಲವಲ್ಲ, ತೆಳುವಾದ ಎರಡು ಮೂರು ಪದರದಲ್ಲೇ ಒಡವೆ, ಪ್ರಭಾವಳಿ ಏಳಬೇಕು. ಒಂದು ಪದರ ಪೂರ್ತಿ ಒಣಗುವ ಮುಂಚೆ ಇನ್ನೊಂದು ಎಳೆದರೆ ಕೆಳಗಿನದೂ ಕುಂಚಕ್ಕೆ ಅಂಟಿ ಎದ್ದು ಬರುತ್ತೆ. ಅಂದರೆ ದಿನಕ್ಕೊಂದು ಪದರ. ಇಪ್ಪತ್ತು ನಿಮಿಷದ ಕೆಲಸ, ಮಿಕ್ಕ ಹೊತ್ತೆಲ್ಲ ಒಣಗೋದು. ತಾಯಂದಿರಿಗೆ ಇದಕ್ಕಿಂತ ಒಳ್ಳೇ ಹಂತ ಇಲ್ಲ! ಅಕಸ್ಮಾತ್ ನಡುವೆ ಎದ್ದರೆ ಬಟ್ಟಲಿನ ಮೇಲೆ ಒದ್ದೆ ಬಟ್ಟೆ ಹಾಕಿ ಹೋಗಿ.

ಚಿನ್ನದ ರೇಕು ಮಾತ್ರ ಖಂಡಿತ ನಡುವೆ ಬಿಡೋ ಕೆಲಸ ಅಲ್ಲ. ಫ್ಯಾನ್ ಆಫ್, ಕಿಟಕಿ ಮುಚ್ಚಿ, ಮಕ್ಕಳು ಹೊರಗೆ. ಉಸಿರು ಜೋರಾದರೂ ರೇಕು ಹಾರಿ ಮಡಚಿಕೊಳ್ಳುತ್ತೆ, ಮಡಚಿದ್ದು ಮತ್ತೆ ಬಿಡಿಸೋಕೆ ಬರಲ್ಲ. ಅಂಟು ಬೆರಳ ಹಿಂಬದಿಗೆ ಜಿಗುಟಾಗಿ ತಾಗಬೇಕು, ಬೆರಳಿಗೆ ಹತ್ತಬಾರದು. ಆ ಹದ ಕಾಯಲ್ಲ. "ಅಮ್ಮಾ ಆಯ್ತು" ಅಂತ ಬಚ್ಚಲಿಂದ ಕೂಗು ಬಂದು, ನೀವು ತೊಳೆಸಿ ಬರೋಷ್ಟರಲ್ಲಿ ಒಣಗಿರುತ್ತೆ. ಹಾಗಾಗಿ ಇದು ಭಾನುವಾರಕ್ಕೆ. ಯಜಮಾನರು ಇಬ್ಬರನ್ನೂ ಕರ್ಕೊಂಡು ಝೂಗೆ ಹೋದರೆ ನಿಮಗೆ ಮೂರು ಗಂಟೆ ಸಿಗುತ್ತೆ. (ಅವರು ರಜೆ ಹಾಕೋ ಹಾಗಿದ್ದರೆ ಮಂಗಳವಾರ ಬೇಡ, ಝೂಗೂ ಅವತ್ತೇ ರಜೆ.)

ಮುಖ, ಕಣ್ಣು ಕೈ ನಡುಗದಿದ್ದಾಗ ಮಾಡೋ ಕೆಲಸ. ಮಗೂನ ಎತ್ತಿಕೊಂಡು ಓಡಾಡಿದ ತಕ್ಷಣ ಕೂರಬೇಡಿ, ಮುಂಗೈ ಸಣ್ಣಗೆ ನಡುಗ್ತಿರುತ್ತೆ, ಗೆರೆ ಅದನ್ನ ಹೇಳಿಬಿಡುತ್ತೆ.

ಇನ್ನೊಂದು, ಇದರಲ್ಲಿ ತಮಾಷೆ ಇಲ್ಲ. ಹಳೇ ಪದ್ಧತಿಯ ಸಫೇದ ಅಂದರೆ ಸೀಸದ ಬಿಳಿ. ಮಕ್ಕಳ ಮಿದುಳಿಗೆ ಸೀಸ ವಿಷ. ಅಂಗಡಿಯಲ್ಲಿ "ಸಫೇದ ಕೊಡಿ" ಅಂದರೆ ಬಿಳಿ ಪುಡಿ ಕೊಡ್ತಾರೆ, ಯಾವ ಬಿಳಿ ಅಂತ ಹೇಳಲ್ಲ. ಚೀಟಿಯ ಮೇಲೆ ಜಿಂಕ್ ಆಕ್ಸೈಡ್ ಅಂತ ಇರೋದೇ ತನ್ನಿ. ಹರಿದಾಳದಲ್ಲಿ ಆರ್ಸೆನಿಕ್, ನನ್ನ ಹೆಸರಿನ ಇಂಗಳೀಕದಲ್ಲಿ ಪಾದರಸ. ಎರಡಕ್ಕೂ ಬದಲು ಟ್ಯೂಬಿನ ವಾಟರ್ ಕಲರ್ ಸಾಕು. ಮಕ್ಕಿ ಅಂದರೆ ರೇವಲ್‌ಚಿನ್ನಿ ಮರದ ಅಂಟು, ಭೇದಿ ಆಗಲಿ ಅಂತ ಕೊಡ್ತಿದ್ದ ಔಷಧಿ. ಮಗ ನೆಕ್ಕಿದರೆ ನೇರ ಆಸ್ಪತ್ರೆಗೆ. ಒಣಗಿದ ಮಕ್ಕಿಯನ್ನ ಮರಳು ಕಾಗದದಲ್ಲಿ ಉಜ್ಜಬೇಡಿ, ಒದ್ದೆ ಬೆರಳಲ್ಲಿ ನಯ ಮಾಡಿ, ನೆಲಾನ ಒದ್ದೆ ಬಟ್ಟೇಲಿ ಒರೆಸಿ. ಕುಂಚ ತೊಳೆಯೋ ಲೋಟ ಅಡುಗೆಮನೆಯದ್ದಾಗಬಾರದು. ಸ್ಟೀಲ್ ಲೋಟ ಕಂಡರೆ ಯಾರಾದರೂ ಕುಡೀತಾರೆ, ಮಕ್ಕಳೇ ಆಗಬೇಕು ಅಂತಿಲ್ಲ.

—

ಏರಿಮೇಲೆ (ಕುವೆಂಪುನಗರ, ಮೈಸೂರು)

ಹೊಟ್ಟೆ ವಿಷಯಕ್ಕೆ ಬರೋಣ. ಸಿಟ್-ಅಪ್ ಶುರು ಮಾಡೋ ಮುಂಚೆ, ಹೊಟ್ಟೆಯ ಎರಡು ಕಡೆಯ ಸ್ನಾಯು ನಡುವೆ ಬಿಟ್ಟುಕೊಂಡಿದೆಯಾ ಅಂತ ಒಂದು ಪರೀಕ್ಷೆ. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ, ಹೊಕ್ಕುಳ ಮೇಲೆ ಬೆರಳುಗಳನ್ನ ಅಡ್ಡಕ್ಕೆ ಇಟ್ಟು, ತಲೆ ಮತ್ತು ಭುಜ ಮಾತ್ರ ಸ್ವಲ್ಪ ಎತ್ತಿ. ಎರಡೂ ಕಡೆ ಸ್ನಾಯು ಬಿಗಿಯಾದಾಗ ನಡುವೆ ಎಷ್ಟು ಬೆರಳು ಇಳಿಯುತ್ತೆ ನೋಡಿ. ಹೊಕ್ಕುಳಿಗಿಂತ ಎರಡು ಇಂಚು ಮೇಲೆ, ಎರಡು ಇಂಚು ಕೆಳಗೆ ಕೂಡ ನೋಡಿ. ಎರಡು ಬೆರಳಿಗಿಂತ ಹೆಚ್ಚಿದ್ದರೆ, ಅಥವಾ ಎದ್ದಾಗ ಹೊಟ್ಟೆ ನಡುವೆ ಗೋಪುರದ ಹಾಗೆ ಉಬ್ಬಿದರೆ, ಸಿಟ್-ಅಪ್ಪೂ ಬೇಡ, ಪ್ಲ್ಯಾಂಕೂ ಬೇಡ. ಫಿಸಿಯೋಥೆರಪಿಸ್ಟ್ ಹತ್ತಿರ ಒಂದು ಸಲ ತೋರಿಸಿ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟೋದು ಬೆನ್ನಿಗೆ ಹಾಯೆನಿಸಬಹುದು, ಸ್ನಾಯುವಿಗೆ ಬಲ ಬರೋದು ಕೆಲಸ ಕೊಟ್ಟಾಗಲೇ.

ಮನೇಲಿ ಮಾಡೋದಕ್ಕೆ: ಮಲಗಿ ಉಸಿರು ಬಿಡ್ತಾ ಹಿಮ್ಮಡಿ ಜಾರಿಸೋದು ಕಾಲಿಗೆ ಹತ್ತು, ಸೊಂಟ ಎತ್ತೋ ಸೇತುಬಂಧ ಹತ್ತು. ಎರಡು ಸುತ್ತು ಮುಗಿಸೋಕೆ ಹತ್ತೇ ನಿಮಿಷ. ಮಗ ಹೊಟ್ಟೆ ಮೇಲೆ ಹತ್ತಿ ಕೂತರೆ ಆ ಸುತ್ತು ಅಲ್ಲಿಗೆ ನಿಲ್ಲಿಸಿ.

ಕೆಳಹೊಟ್ಟೆಯ ತಳದ ಸ್ನಾಯುಗಳದ್ದು ಬೇರೆ. ಗಾಳಿ ತಡೆಹಿಡಿದ ಹಾಗೆ ಒಳಕ್ಕೆ, ಮೇಲಕ್ಕೆ ಸೆಳೆದು ಎಂಟರಿಂದ ಹತ್ತು ಸೆಕೆಂಡ್, ಅಷ್ಟೇ ಹೊತ್ತು ಸಡಿಲ. ಹತ್ತು ಸಲ, ದಿನಕ್ಕೆ ಮೂರು ಬಾರಿ. ಹೆಚ್ಚಿನವರು ಎಡವೋದು ಇಲ್ಲೇ: ಉಸಿರು ಕಟ್ಟಿ ಪೃಷ್ಠ ಬಿಗಿ ಮಾಡ್ತಾರೆ. ಮೂತ್ರ ಮಾಡುವಾಗ ತಡೆದು ಅಭ್ಯಾಸ ಮಾಡೋದೂ ತಪ್ಪು. ನೆನಪಿಗೆ ಕುಕ್ಕರ್ ಇದೆಯಲ್ಲ, ಬೇಳೆ ಇಟ್ಟು ಮೊದಲ ಸೀಟಿಯಿಂದ ಮೂರನೇ ಸೀಟಿಯ ತನಕ. ಅತ್ತೆಯವರಿಗೂ ಗೊತ್ತಾಗಲ್ಲ, ಬೇಳೆಗಂತೂ ಗೊತ್ತಾಗೋದೇ ಇಲ್ಲ.

ನಡಿಗೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ವೇಗ. ಕುಕ್ಕರಹಳ್ಳಿ ಕೆರೆ ಒಂದು ಸುತ್ತಿಗೆ ಬಿರುಸಾಗಿ ನಡೆದರೆ ಐವತ್ತು ನಿಮಿಷದ ಆಸುಪಾಸು. ವಾರಕ್ಕೆ ಮೂರು ಸುತ್ತು ಅಂದರೆ ಲೆಕ್ಕ ಸರಿಹೋಯ್ತು. ಹೊರಡೋ ಮುಂಚೆ ಹಾಲು ಕುಡಿಸಿಬಿಡಿ. ಎದೆ ಭಾರ ಇದ್ದರೆ ನಡಿಗೆ ಹಿಂಸೆ. ಮಗೂನ ಕರ್ಕೊಂಡು ಹೋಗೋದಾದರೆ ಚಿಕ್ಕ ಚಕ್ರದ ಪ್ರ್ಯಾಮ್ ಮಣ್ಣಿನ ದಾರೀಲಿ ಸಿಕ್ಕಿಕೊಳ್ಳುತ್ತೆ, ಮಳೆ ಬಂದ ಮಾರನೇ ದಿನ ಅದನ್ನ ಎಳೆಯೋದು ಬೇರೆಯದೇ ವ್ಯಾಯಾಮ. ಕ್ಯಾರಿಯರ್ ಒಳ್ಳೇದು.

ಚಾಮುಂಡಿ ಬೆಟ್ಟದ ಮೆಟ್ಟಿಲು ಈಗಲೇ ಬೇಡ. ಮೊದಲು ಕೆರೆ ಸುತ್ತು ಆರು ವಾರ ಆಗಲಿ, ಆಮೇಲೆ ನಂದಿ ತನಕ. ಸಾವಿರ ಚಿಲ್ಲರೆ ಮೆಟ್ಟಿಲಲ್ಲಿ ನಂದಿಗೇ ಸುಮಾರು ಏಳುನೂರು ಆಗಿಬಿಡುತ್ತೆ. ಮಂಡಿಗೆ ಹೊಡೆತ ಬೀಳೋದು ಹತ್ತುವಾಗ ಅಲ್ಲ, ಇಳಿಯುವಾಗ. ಇಳಿಯುವಾಗ ಮೂತ್ರ ಸೋರಿದರೆ ಅಥವಾ ಕೆಳಗೆ ಏನೋ ಜಾರಿದ ಹಾಗೆ ಭಾರ ಅನಿಸಿದರೆ ನಿಲ್ಲಿಸಿ, ವೈದ್ಯರಿಗೆ ಹೇಳಿ. "ಹೆತ್ತ ಮೇಲೆ ಹಾಗೇ" ಅಂತ ಸುಮ್ಮನಿರೋ ವಿಷಯ ಅಲ್ಲ ಅದು. ಮೇಲಿನ ತನಕ ಹತ್ತಿದ ದಿನ ಇಳಿಯೋಕೆ ಸಿಟಿ ಬಸ್ ಹಿಡೀರಿ. ಸಾಮಾನ್ಯ ಬಸ್ಸಾದರೆ ಶಕ್ತಿ ಯೋಜನೇಲಿ ಟಿಕೆಟ್ ಕಾಸೂ ಇಲ್ಲ.

—

ಅರ್ಕಾವತ್ತು (ಜಯಲಕ್ಷ್ಮೀಪುರಂ, ಮೈಸೂರು)

ರಕ್ತದಾನಕ್ಕೆ ಹೆಸರು ಕೊಡಬೇಡಿ. ಹೆರಿಗೆಯಾಗಿ 12 ತಿಂಗಳು, ಮತ್ತೆ ಹಾಲುಣಿಸುವಷ್ಟು ಕಾಲ ತೆಗೆದುಕೊಳ್ಳಲ್ಲ, ನಿಯಮವೇ ಹಾಗಿದೆ. ಹಾಲು ಬಿಡಿಸಿದ ಮೇಲೂ ಹಿಮೋಗ್ಲೋಬಿನ್ 12.5, ತೂಕ 45 ಕೆಜಿ ಇರಬೇಕು. ಹೆಂಗಸರಿಗೆ ಎರಡು ದಾನದ ನಡುವೆ 120 ದಿನ. ಶಿಬಿರದವರು ಬಲವಂತ ಮಾಡಿದರೆ ಯಜಮಾನರನ್ನ ಕಳಿಸಿ.

ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡೋದು ಬಹಳ ಒಳ್ಳೇ ಕೆಲಸ. ಆದರೆ ಅದು ಇಂಗಳೀಕ ಹೇಳಿದ ಚಿನ್ನದ ರೇಕಿನ ಗುಂಪಿಗೆ ಸೇರಿದ್ದು. ಮೂರು ಗಂಟೆಯ ಪೇಪರು, ಮೇಲೆ ಹೆಚ್ಚುವರಿ ಸಮಯ. ಮಗನಿಗೆ ಜ್ವರ ಅಂತ ಆ ದಿನ ಕೈಕೊಟ್ಟರೆ ಒಬ್ಬರ ವರ್ಷ ಹೋಗುತ್ತೆ. ಎರಡು ವರ್ಷ ಬಿಟ್ಟು ಮಾಡಿ.

ಈಗ ನಿಮಗೆ ಹೊಂದೋದು ಕನ್ನಡ ವಿಕಿಸೋರ್ಸ್. ಹಳೇ ಪುಸ್ತಕಗಳ ಸ್ಕ್ಯಾನ್ ಒಂದು ಕಡೆ, ಯಂತ್ರ ಓದಿದ ಪಠ್ಯ ಇನ್ನೊಂದು ಕಡೆ ಇರುತ್ತೆ. ತಾಳೆ ನೋಡಿ ತಿದ್ದೋದು. ಕೆಂಪು ಪುಟ ಅಂದರೆ ಯಾರೂ ತಿದ್ದಿಲ್ಲ, ತಿದ್ದಿ ಉಳಿಸಿದರೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ನೀವೇ ತಿದ್ದಿದ್ದನ್ನ ನೀವೇ ಹಸಿರು ಮಾಡೋಕೆ ಬಿಡಲ್ಲ. ಒಂದು ಪುಟ ಅಂದರೆ ಹತ್ತು ಹದಿನೈದು ನಿಮಿಷ, ಪುಟ ಮುಗೀತು ಅಂದರೆ ಕೆಲಸ ಮುಗೀತು, ನಾಳೆಗೆ ಯಾರ ಋಣವೂ ಇಲ್ಲ. ಯಂತ್ರ ಎಡವೋ ಜಾಗ ಗೊತ್ತಿದ್ದರೆ ಬೇಗ ಆಗುತ್ತೆ: ಅರ್ಕಾವತ್ತು ತಪ್ಪು ಅಕ್ಷರದ ಮೇಲೆ ಕೂತಿರುತ್ತೆ, ಪ ಇದ್ದಲ್ಲಿ ಷ, ಅನುಸ್ವಾರದ (ಂ) ಬದಲು ಸೊನ್ನೆಯ ಅಂಕಿ (೦), ಸಾಲಿನ ಕೊನೆಯಲ್ಲಿ ಮುರಿದ ಪದ ಎರಡು ಪದ ಆಗಿರುತ್ತೆ. ಹಳೇ ಕಾಗುಣಿತ ಕಂಡರೆ ತಿದ್ದಬೇಡಿ. ಪುಸ್ತಕದಲ್ಲಿ ಹೇಗಿದೆಯೋ ಹಾಗೆ ಇರಬೇಕು, ನಮ್ಮ ಮೇಷ್ಟ್ರುಗಿರಿ ಅಲ್ಲಿ ನಡೆಯಲ್ಲ.

ಕೆರೆ ಸುತ್ತೋವಾಗಲೇ ಆಗೋದು ಬೇಕಂದ್ರೆ ಹಕ್ಕಿ ಎಣಿಕೆ. ಫೋನಿನ ಇಬರ್ಡ್ ಆಪ್‌ನಲ್ಲಿ ಪಟ್ಟಿ ಶುರು ಮಾಡಿ, ಗುರುತು ಹಿಡಿದ ಹಕ್ಕಿ ಎಷ್ಟು ಕಂಡ್ವು ಅಂತ ಬರೆದು ಕಳಿಸಿ. ಫೆಬ್ರವರಿಯ ನಾಲ್ಕು ದಿನದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಹದಿನೈದು ನಿಮಿಷ ಸಾಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿ, ನೀರುಕಾಗೆ ಇಷ್ಟು ಗೊತ್ತಿದ್ದರೆ ಶುರು ಮಾಡಬಹುದು. ಮಗಳ ಕೈಲಿ ಎಣಿಸಿ. ಆದರೆ ಅವಳು ನೂರು ಅಂದಿದ್ದನ್ನ ಹಾಗೇ ಹಾಕಬೇಡಿ, ಯುಕೆಜಿಯವರಿಗೆ ಇಪ್ಪತ್ತೊಂಬತ್ತು ಆದ ಮೇಲೆ ನೂರೇ.

ಒಂದು ಎಚ್ಚರಿಕೆ: ಸಂಘದ ಯಾವುದೇ ಕೆಲಸಕ್ಕೆ ಹೂಂ ಅಂದ್ರೆ ಹೆಂಗಸರಿಗೆ ರಂಗೋಲಿ, ಉಪ್ಪಿಟ್ಟು, ಸ್ವಾಗತದ ತಟ್ಟೆ ಬಂದೇ ಬರುತ್ತೆ. "ವಾರಕ್ಕೆ ಎಂಟು ಪುಟ ತಿದ್ದಿ ಕೊಡ್ತೀನಿ" ಅಂತ ಲೆಕ್ಕದಲ್ಲಿ ಹೇಳಿ. ಗಂಟೆ ಲೆಕ್ಕ ಹೇಳಿದರೆ ಆ ಗಂಟೆಗೆ ಉಪ್ಪಿಟ್ಟು ಸೇರಿಕೊಳ್ಳುತ್ತೆ.

—

ಗೊಜ್ಜವಲಕ್ಕಿ (ಮಂಡ್ಯ)

ಎಲ್ಲಾ ಸರಿ ಕಣ್ರಕ್ಕ, ಆದ್ರೆ ಮಧ್ಯಾಹ್ನದ ಒಂದೂವರೆ ಗಂಟೆ ಏಳೂ ದಿನ ಚಿತ್ರಕ್ಕೆ ಬರೆದುಕೊಡಬೇಡಿ. ರಾತ್ರಿ ಎರಡು ಸಲ ಏಳೋರು ವಾರದಲ್ಲಿ ಎರಡು ಮಧ್ಯಾಹ್ನನಾದ್ರೂ ಮಗು ಜೊತೆ ಮಲಗ್ಬೇಕು. ನಿದ್ದೆಗೆಟ್ಟ ಕಣ್ಣಲ್ಲಿ ಎಳೆದ ಗೆರೆ ಅಳಿಸೋಕೆ ಎರಡರಷ್ಟು ಹೊತ್ತು ಬೇಕು.

ಆ ಹೊತ್ತನ್ನ ಅಡುಗೆಯಿಂದ ತಗೊಳ್ಳಿ. ತಿಂಗಳಿಗೊಮ್ಮೆ ಹುಣಸೆ ಗೊಜ್ಜು ಕುದಿಸಿಟ್ರೆ ವಾರಕ್ಕೊಂದು ಊಟದ ಚಿಂತೆ ಇಲ್ಲ. ಹುಣಸೆ 100 ಗ್ರಾಂ ನೆನೆಸಿ ಗಟ್ಟಿ ರಸ, ಬೆಲ್ಲ ಹೆಚ್ಚುಕಮ್ಮಿ ಅಷ್ಟೇ, ಎಣ್ಣೆ 100 ಎಂಎಲ್, ಉಪ್ಪು, ಅರಿಶಿನ, ಪುಳಿಯೋಗರೆ ಪುಡಿ. ಸಣ್ಣ ಉರೀಲಿ ಎಣ್ಣೆ ಬಿಟ್ಟು ಅಂಚಿಗೆ ಬರೋ ತನಕ ಕುದೀಬೇಕು. ಅವಸರಕ್ಕೆ ಇಳಿಸಿದ್ರೆ ನೀರಿನಂಶ ಉಳಿದು ವಾರದೊಳಗೆ ಬೂಷ್ಟು. ಪೂರ್ತಿ ಆರಿದ ಮೇಲೆ ಗಾಜಿನ ಭರಣಿಗೆ, ಒಣ ಚಮಚ ಮಾತ್ರ.

ಇನ್ನು ಭಾನುವಾರ. "ಮಕ್ಕಳನ್ನ ನೋಡ್ಕೊಳ್ಳಿ" ಅಂದ್ರೆ ಯಜಮಾನ್ರು ನಿಜವಾಗ್ಲೂ ನೋಡ್ತಾ ಕೂತಿರ್ತಾರೆ. ಬ್ಯಾಗ್ ತುಂಬೋದ್ರಿಂದ ಹಿಡಿದು ವಾಪಸ್ ಬಂದು ಕೈಕಾಲು ತೊಳೆಸೋ ತನಕ ಪೂರ್ತಿ ಅವರದ್ದೇ ಅಂತ ಮುಂಚೆನೇ ಹೇಳಿ. ಎರಡು ಡೈಪರ್, ಒಂದು ಜೊತೆ ಬಟ್ಟೆ, ನೀರು, ಬಾಳೆಹಣ್ಣು, ಮಗಳಿಗೆ ಟೋಪಿ. ಪಟ್ಟಿ ಫ್ರಿಜ್ಜಿಗೆ ಅಂಟಿಸಿ, ಫೋನ್ ಬೇರೆ ರೂಮಲ್ಲಿಡಿ. ಇಲ್ಲಾಂದ್ರೆ ರೇಕು ಕೈಲಿ ಹಿಡಿದಾಗ್ಲೇ "ಡೈಪರ್ ಎಲ್ಲಿ?" ಅಂತ ಬರುತ್ತೆ.

—

ಕುಂಚ-ಕುಕ್ಕರ್

ಎಲ್ಲರಿಗೂ ಧನ್ಯವಾದ. ಬೆರಳಿಟ್ಟು ನೋಡಿದೆ, ಮೂರು ಇಳಿಯಿತು, ಫಿಸಿಯೋ ಹತ್ತಿರ ಹೋಗ್ತೀನಿ. ಶಿಬಿರಕ್ಕೆ ಯಜಮಾನರ ಹೆಸರು ಕೊಟ್ಟಾಯ್ತು, ಅವರಿಗೆ ಸಂಜೆ ತಿಳಿಸಬೇಕು. ಇಂಗಳೀಕ ಅವರೇ, ಒಂದು ಕೊನೇ ಪ್ರಶ್ನೆ: ಮಕ್ಕಿ, ಗೋಂದು ಎಲ್ಲ ಈಗ ಅಡುಗೆಮನೆಯ ಮೇಲಿನ ಶೆಲ್ಫಲ್ಲಿದೆ. ಮಗನ ಕೈಗೆ ಎಟುಕಲ್ಲ. ಸಾಕಲ್ವಾ?

—

ಇಂಗಳೀಕ

ಮಗನ ಕೈಗೆ ಎಟುಕಲ್ಲ, ಅತ್ತೆಯವರ ಕೈಗೆ ಎಟುಕುತ್ತೆ. ಪುಡಿ ಮಾಡಿದ ಮಕ್ಕಿ ನೋಡೋಕೆ ಥೇಟ್ ಅರಿಶಿನ. ಇವತ್ತೇ ಅಲ್ಲಿಂದ ತೆಗೆದು ಬೀರುವಿಗೆ ಹಾಕಿ ಬೀಗ ಹಾಕಿ, ಗೊಜ್ಜು ಕುದಿಯೋಕೆ ಇಡೋ ಮುಂಚೆ.